ಏಜೆನ್ಸಿಯ ಹೆಸರಿಗಿಂತ ಮೊದಲು ಅಕೌಂಟ್ ಯಾವುದೆಂದು ಕೇಳಿ

ಪ್ರಶ್ನೆ: ನಾನು ಹಾಸನದ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಮಗಳು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ್ದು, ಬೆಂಗಳೂರಿನ ದೊಡ್ಡ ಜಾಹೀರಾತು ಏಜೆನ್ಸಿಯೊಂದರಿಂದ ಅವಳಿಗೆ ಟ್ರೈನಿ ಕಾಪಿರೈಟರ್, ಅಂದರೆ ಜಾಹೀರಾತಿನ ಸಾಲು ಬರೆಯುವ ಕೆಲಸಕ್ಕೆ ಆಫರ್ ಬಂದಿದೆ. ಜೊತೆಗೆ ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಹಣ ಕಟ್ಟಬೇಕು ಎಂಬ ಬಾಂಡ್ ಕೂಡ ಇದೆ. ಆ ಸಂಸ್ಥೆಯ ಸುದ್ದಿಗಳನ್ನು ಓದಿದರೆ ಪ್ರತಿ ತಿಂಗಳೂ ಯಾರೋ ಸೇರುತ್ತಾರೆ, ಯಾರೋ ಬಿಡುತ್ತಾರೆ, ಮೂವತ್ತು ದಾಟದವರೂ ‘ಡೈರೆಕ್ಟರ್’ ಆಗುತ್ತಾರೆ. ಈಚೆಗೆ ಹಳೆಯ ಏಜೆನ್ಸಿಗಳ ಹೆಸರುಗಳನ್ನೇ ಕೈಬಿಟ್ಟ ಸುದ್ದಿಯೂ ಬಂತು. ರಾತ್ರಿ ಹನ್ನೊಂದಾದರೂ ಮನೆಗೆ ಬಿಡುವುದಿಲ್ಲ ಎಂದು ಪರಿಚಯದವರು ಹೆದರಿಸುತ್ತಿದ್ದಾರೆ. ಇಂಥ ಕಡೆ ಮಗಳನ್ನು ಕಳಿಸಬಹುದೇ?

ಉತ್ತರ: ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಏಜೆನ್ಸಿಯ ಈ ಓಡಾಟ ಗಾಬರಿ ಹುಟ್ಟಿಸುವುದು ಸಹಜ. ನಿಮ್ಮಲ್ಲಿ ಜ್ಯೇಷ್ಠತಾ ಪಟ್ಟಿ ಇದೆ, ಬಡ್ತಿಗೆ ಸರದಿ ಇದೆ, ನಿವೃತ್ತಿಯ ದಿನಾಂಕ ಸೇರಿದ ದಿನವೇ ಗೊತ್ತಿರುತ್ತದೆ. ಏಜೆನ್ಸಿಯಲ್ಲಿ ಇವು ಮೂರೂ ಇಲ್ಲ. ಬೆಂಗಳೂರಿನ ಏಜೆನ್ಸಿಗಳ ಕ್ರಿಯೇಟಿವ್ ವಿಭಾಗದಲ್ಲಿ ಬಹುಕಾಲ ದುಡಿದು, ಈಗ ಹೊಸಬರಿಗೆ ಜಾಹೀರಾತು ಬರವಣಿಗೆ ಹೇಳಿಕೊಡುತ್ತಿರುವವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಖಂಡಿತ ಕಳಿಸಬಹುದು, ಆದರೆ ಸಹಿ ಹಾಕುವ ಮೊದಲು ಅವಳು ಏಜೆನ್ಸಿಯ ಹೆಸರನ್ನು ಸ್ವಲ್ಪ ಬದಿಗಿಟ್ಟು, ತಾನು ಯಾವ ಅಕೌಂಟಿನ ಮೇಲೆ, ಯಾರ ಕೈಕೆಳಗೆ ಕೂರಲಿದ್ದೇನೆ ಎಂಬುದನ್ನು ವಿಚಾರಿಸಬೇಕು. ಒಂದು ಕಂಪನಿ ತನ್ನ ಬ್ರ್ಯಾಂಡಿನ ಪ್ರಚಾರದ ಕೆಲಸವನ್ನು ಏಜೆನ್ಸಿಗೆ ಒಪ್ಪಿಸಿದರೆ ಆ ಕೆಲಸವನ್ನು ಅಕೌಂಟ್ ಎನ್ನುತ್ತಾರೆ. ನಿಮ್ಮನ್ನು ಕಂಗೆಡಿಸಿದ ಸಿಬ್ಬಂದಿ ಸುದ್ದಿಗಳಲ್ಲಿ ಬಹುಪಾಲಿನ ಹಿಂದೆ ಇರುವುದು ಯಾವುದೋ ಅಕೌಂಟ್ ಬಂದ ಅಥವಾ ಹೋದ ಸಂಗತಿ.

ಇದು ಹೀಗಾಗಲು ಕಾರಣ ಏಜೆನ್ಸಿ ಹಣ ಗಳಿಸುವ ರೀತಿ. ಹಿಂದೆ ಆದಾಯವೆಲ್ಲ ಕಮಿಷನ್ನಿನ ಮೇಲೆ ನಿಂತಿತ್ತು. ಪತ್ರಿಕೆಯಲ್ಲಿ ಒಂದು ಲಕ್ಷ ರೂಪಾಯಿಯ ಜಾಹೀರಾತು ಹಾಕಿಸಿದರೆ ಪತ್ರಿಕೆಯವರು ಅದರಲ್ಲಿ ಶೇ 15ರಷ್ಟನ್ನು ಏಜೆನ್ಸಿಗೆ ಬಿಟ್ಟುಕೊಡುತ್ತಿದ್ದರು; ಬರೆಯುವವರು, ಚಿತ್ರ ಬಿಡಿಸುವವರು, ಕ್ಲೈಂಟಿನೊಂದಿಗೆ ವ್ಯವಹರಿಸುವವರು, ಎಲ್ಲರ ಸಂಬಳವೂ ಆ 15 ಸಾವಿರದಲ್ಲೇ ಹೊರಡುತ್ತಿತ್ತು. ದೊಡ್ಡ ಬಜೆಟ್ಟಿನ ಒಬ್ಬ ಕ್ಲೈಂಟ್ ಇದ್ದರೆ ನಾಲ್ಕು ಚಿಕ್ಕ ಕ್ಲೈಂಟುಗಳ ಕೆಲಸ ಮಾಡುವವರನ್ನೂ ಸಾಕಬಹುದಾಗಿತ್ತು, ಹೊಸಬರು ಆರು ತಿಂಗಳು ಸುಮ್ಮನೆ ಕುಳಿತು ಕಲಿಯುವುದಕ್ಕೂ ಅವಕಾಶವಿತ್ತು. 1990ರ ದಶಕದ ಕೊನೆಯ ಹೊತ್ತಿಗೆ ಪತ್ರಿಕೆಯ ಜಾಗ ಮತ್ತು ಟಿ.ವಿ.ಯ ಸಮಯವನ್ನು ಖರೀದಿಸುವ ಮೀಡಿಯಾ ಕೆಲಸ ಬೇರೆ ಕಂಪನಿಗಳಾಗಿ ಒಡೆಯಿತು. ಅಂಥ ಕಂಪನಿಗಳಲ್ಲೊಂದಾದ ಮೈಂಡ್‌ಶೇರ್ ಹುಟ್ಟಿದ್ದು 1997ರಲ್ಲಿ. ಕಮಿಷನ್ ಆ ಕಡೆಗೆ ಹೋಯಿತು. ಬರೆಯುವ ಮತ್ತು ಚಿತ್ರಿಸುವ ಕೆಲಸ ಉಳಿದುಕೊಂಡ ಕ್ರಿಯೇಟಿವ್ ಏಜೆನ್ಸಿಗೆ ದಕ್ಕಿದ್ದು ತಿಂಗಳ ಫೀಸು, ಅಂದರೆ ರಿಟೈನರ್.

ಈ ಫೀಸನ್ನು ಲೆಕ್ಕ ಹಾಕುವುದು ತಲೆಗಳ ಮೇಲೆ. ಒಬ್ಬ ಕ್ರಿಯೇಟಿವ್ ಡೈರೆಕ್ಟರ್‌ನ ಕಾಲುಭಾಗ ಸಮಯ, ಪೂರ್ಣಾವಧಿಗೆ ಇಬ್ಬರು ಕಾಪಿರೈಟರ್‌ಗಳು, ದೃಶ್ಯ ರೂಪಿಸುವ ಒಬ್ಬ ಆರ್ಟ್ ಡೈರೆಕ್ಟರ್, ಕ್ಲೈಂಟಿನೊಂದಿಗೆ ವ್ಯವಹರಿಸುವ ಸರ್ವಿಸಿಂಗ್ ವಿಭಾಗದ ಇಬ್ಬರು ಎಂದು ಪಟ್ಟಿ ಮಾಡಿ, ಅವರ ಸಂಬಳಕ್ಕೆ ಕಚೇರಿಯ ಖರ್ಚು ಮತ್ತು ಲಾಭದ ಪಾಲನ್ನು ಸೇರಿಸಿ ಕ್ಲೈಂಟಿಗೆ ತೋರಿಸಲಾಗುತ್ತದೆ. ನಿಮ್ಮ ಮಗಳು ಕೆಲಸಕ್ಕೆ ಸೇರಿದ ವಾರದಿಂದಲೇ ಯಾವ ಅಕೌಂಟಿಗೆ ಎಷ್ಟು ಗಂಟೆ ದುಡಿದೆ ಎಂಬ ಟೈಮ್‌ಶೀಟ್ ತುಂಬಬೇಕಾಗುವುದು ಇದಕ್ಕಾಗಿಯೇ. ಕ್ಲೈಂಟ್ ಕಂಪನಿಯ ಖರೀದಿ ವಿಭಾಗದವರು ಫೀಸಿನಲ್ಲಿ ಹತ್ತು ಪರ್ಸೆಂಟ್ ಇಳಿಸಿದರೆ ಆ ಪಟ್ಟಿಯಲ್ಲಿ ಒಂದು ತಲೆ ಕಡಿಮೆಯಾಗುತ್ತದೆ. ಅಕೌಂಟೇ ಬೇರೆ ಏಜೆನ್ಸಿಗೆ ಹೋದರೆ ಪಟ್ಟಿಯೇ ಹರಿದುಹೋಗುತ್ತದೆ, ಅದರಲ್ಲಿದ್ದವರಿಗೆ ಬೇರೆ ಅಕೌಂಟಿನಲ್ಲಿ ಜಾಗ ಸಿಗದಿದ್ದರೆ ಪೇಪರ್ ಹಾಕಿ, ಅಂದರೆ ರಾಜೀನಾಮೆ ಕೊಡಿ ಎಂಬ ಸೂಚನೆ ಬರುತ್ತದೆ. ಅದೇ ಅಕೌಂಟನ್ನು ಗೆದ್ದ ಏಜೆನ್ಸಿ ಅದೇ ತಿಂಗಳು ನಾಲ್ಕು ಜನರನ್ನು ಹುಡುಕುತ್ತಿರುತ್ತದೆ, ಬಿಟ್ಟವರಲ್ಲಿ ಇಬ್ಬರು ಅಲ್ಲಿಗೇ ಹೋಗಿ ಕೂರುವುದೂ ಉಂಟು. ಹೊರಗಿನಿಂದ ನೋಡುವವರಿಗೆ ಅಸ್ಥಿರವಾಗಿ ಕಾಣುವ ಈ ಬದಲಾವಣೆಯಲ್ಲಿ ಕೆಲಸಗಳ ಒಟ್ಟು ಸಂಖ್ಯೆ ಅಷ್ಟೇನೂ ಬದಲಾಗಿರುವುದಿಲ್ಲ, ಅವುಗಳ ವಿಳಾಸ ಬದಲಾಗಿರುತ್ತದೆ.

ಹೀಗಾಗಿ ಸಿಬ್ಬಂದಿ ಸುದ್ದಿಗಳನ್ನು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ‘ನಮ್ಮ ಹೊಸ ಚೀಫ್ ಕ್ರಿಯೇಟಿವ್ ಆಫೀಸರ್’ ಎಂದು ನಗುಮುಖದ ಚಿತ್ರದೊಂದಿಗೆ ಹೊರಡುವ ಪ್ರಕಟಣೆಯನ್ನು ಬರೆದಿರುವುದು ಕ್ಲೈಂಟುಗಳ ಕಣ್ಣಿಗೆ ಬೀಳಲೆಂದು. ಒಳಗಿನವರಿಗೆ ಆ ಸುದ್ದಿ ಕ್ಯಾಂಟೀನಿನಲ್ಲಿ ತಿಂಗಳ ಹಿಂದೆಯೇ ಗೊತ್ತಾಗಿರುತ್ತದೆ. ಅಂಥ ಹುದ್ದೆಯವರು ಬಂದಾಗ ಕೆಲವೇ ತಿಂಗಳಲ್ಲಿ ತಮ್ಮ ಹಳೆಯ ತಂಡದ ಮೂರು ನಾಲ್ಕು ಜನರನ್ನು ಕರೆತರುತ್ತಾರೆ, ಹೋದಾಗಲೂ ಅಷ್ಟೇ ಜನ ಹಿಂಬಾಲಿಸುತ್ತಾರೆ. ಆದ್ದರಿಂದ ನೋಡಬೇಕಾದದ್ದು ಮೇಲಿನವರು ಬಿಟ್ಟರೇ ಎಂಬುದನ್ನಲ್ಲ, ಅವರು ಬಿಟ್ಟ ಮೂರು ತಿಂಗಳೊಳಗೆ ಮಧ್ಯದ ಹಂತದವರು, ಅಂದರೆ ಎಂಟು ಹತ್ತು ವರ್ಷ ಅನುಭವವಿದ್ದು ಹೊಸಬರಿಗೆ ತಿದ್ದಿ ಕಲಿಸುವವರು ಉಳಿದರೇ ಎಂಬುದನ್ನು. ಆ ಹಂತ ಬರಿದಾದ ಏಜೆನ್ಸಿಯಲ್ಲಿ ಟ್ರೈನಿಗಳು ತಬ್ಬಲಿಗಳು.

ಮೂವತ್ತರೊಳಗೆ ಡೈರೆಕ್ಟರ್ ಆಗುವ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಕಂಪನಿ ಕಾಯ್ದೆಯ ಡೈರೆಕ್ಟರ್‌ಗೂ ಇದಕ್ಕೂ ಸಂಬಂಧವಿಲ್ಲ; ಜೂನಿಯರ್ ಕಾಪಿರೈಟರ್, ಕಾಪಿರೈಟರ್, ಸೀನಿಯರ್, ಗ್ರೂಪ್ ಹೆಡ್, ಅಸೋಸಿಯೇಟ್ ಕ್ರಿಯೇಟಿವ್ ಡೈರೆಕ್ಟರ್ ಎಂಬ ಮೆಟ್ಟಿಲುಗಳಲ್ಲಿ ಅದೂ ಒಂದು. ಅಪ್ರೈಸಲ್ ಸಮಯದಲ್ಲಿ ಸಂಬಳ ಏರಿಸಲು ಹಣವಿಲ್ಲದಿದ್ದಾಗ ಹುದ್ದೆಯ ಹೆಸರನ್ನು ಏರಿಸುವ ಪದ್ಧತಿ ಈ ಉದ್ಯಮದಲ್ಲಿ ಹಳೆಯದು.

ಬೆಂಗಳೂರಿನದೇ ಒಂದು ಉದಾಹರಣೆ ಈ ಮಾತನ್ನು ಸ್ಪಷ್ಟಗೊಳಿಸುತ್ತದೆ. 2022ರ ಕಾನ್ ಲಯನ್ಸ್ ಜಾಹೀರಾತು ಉತ್ಸವದಲ್ಲಿ ‘ವರ್ಷದ ಏಜೆನ್ಸಿ’ ಎಂಬ ಗೌರವ ಮೊದಲ ಬಾರಿಗೆ ಭಾರತಕ್ಕೆ ಬಂತು, ಅದನ್ನು ಪಡೆದದ್ದು ಡೆಂಟ್ಸು ಕ್ರಿಯೇಟಿವ್‌ನ ಬೆಂಗಳೂರು ಕಚೇರಿ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ವಿವಾದಿತ ವಸ್ತುಗಳ ಎದುರು ಫೋನ್ ಹಿಡಿದರೆ, ಅವು ಯಾವ ದೇಶದಿಂದ ಹೋದವೋ ಆ ದೇಶದವರ ಬಾಯಿಂದಲೇ ಅವುಗಳ ಕಥೆ ಕೇಳಿಸುವಂತೆ ವೈಸ್ ಸುದ್ದಿಸಂಸ್ಥೆಗಾಗಿ ಮಾಡಿದ ಕೆಲಸಕ್ಕೆ ಆ ವರ್ಷ ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗ್ರ್ಯಾಂಡ್ ಪ್ರೀ ಮೂರು ಬಂದವು. ಆದರೆ ಆ ಕೆಲಸ ರೂಪುಗೊಂಡಾಗ ಆ ಏಜೆನ್ಸಿಯ ಹೆಸರು ಡೆಂಟ್ಸು ವೆಬ್‌ಚಟ್ನಿ ಎಂದಿತ್ತು; ಅದರ ನೇತೃತ್ವ ವಹಿಸಿದ್ದ ಗೌತಮ್ ರೆಘುನಾಥ್ ಮತ್ತು ಪಿ.ಜಿ. ಆದಿತ್ಯ ಅದೇ ವರ್ಷ ಅಲ್ಲಿಂದ ಹೊರಬಂದು ಬೆಂಗಳೂರಿನಲ್ಲೇ ಟ್ಯಾಲೆಂಟೆಡ್ ಎಂಬ ಸ್ವಂತ ಏಜೆನ್ಸಿಯನ್ನು ಶುರು ಮಾಡಿದರು, ಅವರಿದ್ದ ವೆಬ್‌ಚಟ್ನಿ ಎಂಬ ಹೆಸರು ಡೆಂಟ್ಸು ಕ್ರಿಯೇಟಿವ್ ಎಂಬ ಹೆಸರಿನೊಳಗೆ ಸೇರಿಹೋಯಿತು. ಆ ವರ್ಷ ಕೆಲಸ ಹುಡುಕುತ್ತಿದ್ದ ಹುಡುಗಿಯೊಬ್ಬಳು ಪ್ರಶಸ್ತಿಯ ಸುದ್ದಿ ಓದಿ ಒಂದು ಬಾಗಿಲು ತಟ್ಟುತ್ತಿದ್ದಳು, ಸಿಬ್ಬಂದಿ ಸುದ್ದಿ ಓದಿದ್ದರೆ ಇನ್ನೊಂದು ಬಾಗಿಲು ತಟ್ಟುತ್ತಿದ್ದಳು. ಯಾರ ಬಳಿ ಕಲಿಯಬೇಕೆಂದು ತಿಳಿದಿದ್ದರೆ ಮಾತ್ರ ಎರಡರಲ್ಲಿ ಯಾವುದು ಸರಿಯೆಂದು ಅವಳಿಗೆ ಗೊತ್ತಾಗುತ್ತಿತ್ತು.

ಹೆಸರುಗಳು ಮಾಯವಾಗುತ್ತಿರುವ ಬಗ್ಗೆ ನೀವು ಓದಿದ್ದು ನಿಜ. ಹಲವು ಏಜೆನ್ಸಿಗಳ ಒಡೆತನವಿರುವ ಅಮೆರಿಕದ ಆಮ್ನಿಕಾಮ್ ಸಮೂಹ 2025ರ ನವೆಂಬರಿನಲ್ಲಿ ಅಂಥದೇ ಇಂಟರ್‌ಪಬ್ಲಿಕ್ ಸಮೂಹವನ್ನು ಕೊಂಡುಕೊಂಡಿತು. ಅದರ ಬೆನ್ನಿಗೇ ಡಿಡಿಬಿ, ಎಫ್‌ಸಿಬಿ, ಮಲನ್‌ಲೋ ಎಂಬ ಮೂರು ಜಾಗತಿಕ ಹೆಸರುಗಳನ್ನು ಕೈಬಿಡುವುದಾಗಿಯೂ ಸುಮಾರು 4,000 ಹುದ್ದೆಗಳನ್ನು ಕಡಿತ ಮಾಡುವುದಾಗಿಯೂ ಪ್ರಕಟಿಸಿತು. ಇದರಲ್ಲಿ ಒಂದು ವಿಪರ್ಯಾಸವಿದೆ. ಕಾಪಿರೈಟರ್ ಒಂದು ಕೋಣೆಯಲ್ಲಿ ಬರೆದು, ಚಿತ್ರಕಾರ ಇನ್ನೊಂದು ಕೋಣೆಯಲ್ಲಿ ಅದಕ್ಕೆ ಚಿತ್ರ ಹೊಂದಿಸುತ್ತಿದ್ದ ಕಾಲದಲ್ಲಿ, ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ಜೋಡಿ ಮಾಡಿದ ಕೀರ್ತಿ 1949ರಲ್ಲಿ ನ್ಯೂಯಾರ್ಕಿನಲ್ಲಿ ಡಿಡಿಬಿಯನ್ನು ಕಟ್ಟಿದವರಲ್ಲೊಬ್ಬರಾದ ಬಿಲ್ ಬರ್ನ್‌ಬಾಕ್ ಅವರಿಗೆ ಸಲ್ಲುತ್ತದೆ. ಇಂದಿಗೂ ಜಗತ್ತಿನ ಬಹುತೇಕ ಏಜೆನ್ಸಿಗಳು ಹಾಗೆಯೇ ಕೆಲಸ ಮಾಡುತ್ತವೆ, ನಿಮ್ಮ ಮಗಳೂ ಒಬ್ಬ ಆರ್ಟ್ ಡೈರೆಕ್ಟರ್‌ನ ಪಕ್ಕದಲ್ಲೇ ಕೂರುತ್ತಾಳೆ. ಆ ಪದ್ಧತಿಯನ್ನು ಕೊಟ್ಟ ಹೆಸರೇ ಬೋರ್ಡಿನಿಂದ ಇಳಿಯುತ್ತಿದೆ.

ಹೆಸರು ಬದಲಾಗುವುದು ಹೊಸದೇನೂ ಅಲ್ಲ. 1929ರಲ್ಲಿ ಮುಂಬಯಿಯಲ್ಲಿ ಜೆ. ವಾಲ್ಟರ್ ಥಾಂಪ್ಸನ್ ಎಂದು ಶುರುವಾದ ಸಂಸ್ಥೆ ಮುಂದೆ ಹಿಂದುಸ್ತಾನ್ ಥಾಂಪ್ಸನ್ ಅಸೋಸಿಯೇಟ್ಸ್ ಆಯಿತು, ಜೆಡಬ್ಲ್ಯುಟಿ ಆಯಿತು, 2018ರ ವಿಲೀನದ ನಂತರ ವಂಡರ್‌ಮನ್ ಥಾಂಪ್ಸನ್ ಆಯಿತು, 2024ರಿಂದ ವಿಎಂಎಲ್ ಆಗಿದೆ. 1980ರಲ್ಲಿ ಅಹಮದಾಬಾದಿನಲ್ಲಿ ಎ.ಜಿ. ಕೃಷ್ಣಮೂರ್ತಿಯವರು ಆರಂಭಿಸಿದ ಮುದ್ರಾ 2011ರಲ್ಲಿ ಆಮ್ನಿಕಾಮ್ ಕೈಸೇರಿ ಡಿಡಿಬಿ ಮುದ್ರಾ ಆಗಿತ್ತು. ಇಂಥ ವಿಲೀನದಲ್ಲಿ ಮೊದಲ ಪೆಟ್ಟು ಬೀಳುವುದು ಎರಡೆರಡು ಇರುವ ಹುದ್ದೆಗಳಿಗೆ, ಅಂದರೆ ಇಬ್ಬರು ಹಣಕಾಸು ಮುಖ್ಯಸ್ಥರು, ಇಬ್ಬರು ಎಚ್‌ಆರ್ ಮುಖ್ಯಸ್ಥರು, ಇಬ್ಬರು ಶಾಖಾ ಮುಖ್ಯಸ್ಥರು ಇರುವ ಕಡೆ. ಎರಡನೆಯ ಪೆಟ್ಟು ಸ್ಪರ್ಧಿ ಅಕೌಂಟುಗಳದು: ಒಂದೇ ಸೂರಿನಡಿ ಎರಡು ಸಾಬೂನು ಕಂಪನಿಗಳ ಗುಟ್ಟುಗಳು ಇರುವುದನ್ನು ಯಾವ ಕ್ಲೈಂಟೂ ಸಹಿಸುವುದಿಲ್ಲ, ಇಬ್ಬರಲ್ಲಿ ಒಬ್ಬರು ಹೊರಟುಹೋಗುತ್ತಾರೆ, ಅವರೊಂದಿಗೆ ಆ ಅಕೌಂಟಿನ ತಂಡವೂ ಅತಂತ್ರವಾಗುತ್ತದೆ. ಕಡಿಮೆ ಸಂಬಳದ ಟ್ರೈನಿಯ ಕುರ್ಚಿ ಈ ಎರಡು ಗಾಳಿಗೂ ಸಾಮಾನ್ಯವಾಗಿ ಅಲುಗಾಡುವುದಿಲ್ಲ, ಆದರೆ ಅವಳು ಅಂಥ ಸ್ಪರ್ಧಿ ಅಕೌಂಟಿನಲ್ಲೇ ಇದ್ದರೆ ಅಲುಗಾಡುತ್ತದೆ. ಅಕೌಂಟ್ ಯಾವುದೆಂದು ಕೇಳಿ ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು, ಏಕೆಂದರೆ ಅದು ಅವಳು ದಿನವಿಡೀ ಮಾಡುವ ಕೆಲಸಕ್ಕೆ ಸಂಬಂಧಿಸಿದೆ. ಕನ್ನಡ ಕಾಪಿರೈಟರ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಉದ್ಯೋಗಗಳಿವೆ. ಮೊದಲನೆಯದರಲ್ಲಿ ಬ್ರೀಫ್, ಅಂದರೆ ಜಾಹೀರಾತು ಏನು ಹೇಳಬೇಕೆಂಬ ಕ್ಲೈಂಟಿನ ಟಿಪ್ಪಣಿ, ನೇರವಾಗಿ ಅವಳ ಕೈಗೆ ಬರುತ್ತದೆ, ಯೋಚನೆ ಕನ್ನಡದಲ್ಲೇ ಹುಟ್ಟುತ್ತದೆ. ಹಾಲು, ಎಣ್ಣೆ, ಮಸಾಲೆಪುಡಿ, ಚಿನ್ನದಂಗಡಿ, ಕನ್ನಡ ವಾಹಿನಿ, ಸರ್ಕಾರಿ ಇಲಾಖೆ ಮುಂತಾಗಿ ಕರ್ನಾಟಕವೇ ಮುಖ್ಯ ಮಾರುಕಟ್ಟೆಯಾಗಿರುವ ಅಕೌಂಟುಗಳಲ್ಲಿ ಇದು ಸಿಗುತ್ತದೆ. ಎರಡನೆಯದರಲ್ಲಿ ಮುಂಬಯಿಯಲ್ಲೋ ಗುರುಗ್ರಾಮದಲ್ಲೋ ಹಿಂದಿಯಲ್ಲಿ ಚಿತ್ರ ತಯಾರಾಗಿ, ಚಿತ್ರೀಕರಣವೂ ಮುಗಿದು, ಕೊನೆಗೆ ಎಂಟು ಭಾಷೆಗಳಿಗೆ ಅಡಾಪ್ಟ್ ಮಾಡಿ, ಅಂದರೆ ಹೊಂದಿಸಿ ಬರೆಯಿರಿ ಎಂಬ ಮೇಲ್ ಬರುತ್ತದೆ; ಅದರಲ್ಲೊಂದು ಕನ್ನಡ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆಂಗಳೂರಿನ ರಾಹುಲ್ ದ್ರಾವಿಡ್ ಕಾರಿನಿಂದ ಮೇಲೆದ್ದು ಕೂಗಾಡುವ, ಕ್ರೆಡ್ ಎಂಬ ಆ್ಯಪ್‌ನ 2021ರ ಜಾಹೀರಾತು ನಿಮಗೆ ನೆನಪಿರಬಹುದು. ಅದರಲ್ಲಿ ಎಲ್ಲರ ಬಾಯಲ್ಲಿ ಉಳಿದ ಇಂದಿರಾನಗರದ ಸಾಲು ಕೂಡ ಹಿಂದಿಯದೇ. ನಮ್ಮ ಊರಿನ ಕಥೆಗೂ ನಮ್ಮ ಭಾಷೆ ಎರಡನೆಯ ಸರದಿಯಲ್ಲಿ ನಿಲ್ಲುವ ಪರಿಸ್ಥಿತಿ ಇದು, ಇದಕ್ಕೆ ಬೇಸರಪಟ್ಟುಕೊಳ್ಳುವುದರ ಜೊತೆಗೆ ಸೇರುವ ಮೊದಲು ತಿಳಿದಿರುವುದೂ ಒಳ್ಳೆಯದು.

ಅಡಾಪ್ಟ್ ಕೆಲಸವನ್ನು ನಾನು ಕೀಳೆನ್ನುತ್ತಿಲ್ಲ, ಅದಕ್ಕೆ ತನ್ನದೇ ಕಸುಬುಗಾರಿಕೆ ಇದೆ. ಮೂವತ್ತು ಸೆಕೆಂಡಿನ ಚಿತ್ರದಲ್ಲಿ ತಾಯಿ ಪಾತ್ರದವರು ಕ್ಯಾಮೆರಾ ನೋಡಿ ಹಿಂದಿಯಲ್ಲಿ ನಾಲ್ಕು ಪದದ ಸಾಲು ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಅವರ ತುಟಿ ಎಲ್ಲೆಲ್ಲಿ ಮುಚ್ಚುತ್ತದೋ ಅಲ್ಲಲ್ಲಿ ಕನ್ನಡದಲ್ಲೂ ಪ, ಬ, ಮ ವರ್ಗದ ಅಕ್ಷರವೇ ಬೀಳಬೇಕು, ಬಾಯಿ ತೆರೆದೇ ಸಾಲು ಮುಗಿದರೆ ನಮ್ಮ ಸಾಲೂ ಆ ಅಥವಾ ಏ ಸ್ವರದಲ್ಲಿ ಮುಗಿಯಬೇಕು. ನಮ್ಮ ಕ್ರಿಯಾಪದಗಳೋ ‘ಮಾಡಿಕೊಳ್ಳುತ್ತಿದ್ದೀರಾ’ ಎಂಬಷ್ಟು ಉದ್ದ. ಅರ್ಥ ಕೆಡದಂತೆ, ಕೇಳಿದವರಿಗೆ ಡಬ್ಬಿಂಗ್ ಎನಿಸದಂತೆ, ಮಂಡ್ಯದವರಿಗೂ ಕಲಬುರಗಿಯವರಿಗೂ ಒಪ್ಪುವಂತೆ ಅದನ್ನು ಎರಡೂವರೆ ಸೆಕೆಂಡಿಗೆ ಇಳಿಸಬಲ್ಲವರು ನಿಜವಾಗಿ ಭಾಷೆ ಬಲ್ಲವರು. ಮುದ್ರಣದ ಕೆಲಸದಲ್ಲಿ ಇನ್ನೊಂದು ಬಗೆಯ ಕಾವಲು ಬೇಕಾಗುತ್ತದೆ. ಕನ್ನಡ ಬಾರದ ಆರ್ಟ್ ಡೈರೆಕ್ಟರ್ ಯೂನಿಕೋಡ್ ಸಾಲನ್ನು ಇಲ್ಲಸ್ಟ್ರೇಟರ್ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಅಂಟಿಸುವಾಗ ಭಾರತೀಯ ಲಿಪಿಗಳಿಗೆ ಬೇಕಾದ ಸೆಟ್ಟಿಂಗ್ ಆಯ್ಕೆ ಮಾಡಿರದಿದ್ದರೆ ಒತ್ತಕ್ಷರಗಳು ಕಳಚಿಕೊಳ್ಳುತ್ತವೆ, ‘ಹಬ್ಬಕ್ಕೆ ಹೊಸ ಬಟ್ಟೆ’ ಎಂಬುದು ‘ಹಬ್‌ಬಕ್‌ಕೆ ಹೊಸ ಬಟ್‌ಟೆ’ ಎಂದಾಗಿ ನಿಲ್ಲುತ್ತದೆ. ಅವರ ಕಣ್ಣಿಗೆ ಎರಡೂ ಒಂದೇ. ಪಕ್ಕದಲ್ಲಿ ಕುಳಿತು ಪ್ರತಿ ಅಕ್ಷರವನ್ನು ನೋಡಿ, ಅಕ್ಷರಗಳನ್ನು ಔಟ್‌ಲೈನ್ ಮಾಡಿದ, ಅಂದರೆ ಚಿತ್ರದ ಆಕಾರಗಳಾಗಿ ಬದಲಿಸಿದ ಮೇಲೆ ಇನ್ನೊಮ್ಮೆ ನೋಡಿ ಆರ್ಟ್‌ವರ್ಕ್ ರಿಲೀಸ್ ಮಾಡಿಸುವುದು ಕನ್ನಡದ ಟ್ರೈನಿಯ ಹೆಗಲಿಗೆ ಬೀಳುತ್ತದೆ, ಅದನ್ನು ಯಾವ ಆಫರ್ ಪತ್ರದಲ್ಲೂ ಬರೆದಿರುವುದಿಲ್ಲ.

ಆದರೂ ಎರಡು ವರ್ಷ ಬರೀ ಅಡಾಪ್ಟ್ ಮಾಡಿದವರ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಮಾಡಿದ ಕೆಲಸಗಳ ಸಂಗ್ರಹದಲ್ಲಿ, ತಮ್ಮದೆಂದು ತೋರಿಸಲು ಏನೂ ಇರುವುದಿಲ್ಲ, ಈ ಉದ್ಯಮದಲ್ಲಿ ಮುಂದಿನ ಕೆಲಸ ಸಿಗುವುದು ಪೋರ್ಟ್‌ಫೋಲಿಯೊದಿಂದಲೇ ಹೊರತು ಎಂ.ಎ. ಅಂಕಪಟ್ಟಿಯಿಂದಲ್ಲ. ಮೇಲಾಗಿ ಸರಳವಾದ ಭಾಷಾಂತರದ ಕೆಲಸಕ್ಕೆ ಈಗ ಮೊದಲು ಯಂತ್ರವನ್ನು ಹಚ್ಚಿ, ಆಮೇಲೆ ಮನುಷ್ಯರಿಂದ ತಿದ್ದಿಸುವುದು ರೂಢಿಯಾಗುತ್ತಿದೆ. ಹಾಗಿರುವಾಗ ಸ್ವಂತ ಯೋಚನೆ ಮಾಡಲು ಅವಕಾಶವಿರುವ ಚಿಕ್ಕ ಅಕೌಂಟು, ಎಂಟನೆಯ ಭಾಷೆಯಾಗಿ ಉಳಿಯಬೇಕಾದ ದೊಡ್ಡ ಅಕೌಂಟಿಗಿಂತ ಅವಳಿಗೆ ಹೆಚ್ಚು ಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೇ ಮನೆಯಲ್ಲಿ ಬೆಳೆಯುವುದು ಸಾಧ್ಯವೇ ಇಲ್ಲವೆಂದೂ ಭಾವಿಸಬೇಡಿ: ಪೀಯೂಷ್ ಪಾಂಡೆ 1982ರಲ್ಲಿ ಓಗಿಲ್ವಿ ಏಜೆನ್ಸಿಗೆ ಸೇರಿದ್ದು ಸರ್ವಿಸಿಂಗ್ ವಿಭಾಗಕ್ಕೆ, ಅಲ್ಲಿಂದ ಬರವಣಿಗೆಗೆ ಬಂದು, ಹಿಂದಿ ಆಡುಮಾತನ್ನು ಭಾರತೀಯ ಜಾಹೀರಾತಿನ ನಡುಮನೆಗೆ ತಂದು, 2025ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ಅದೇ ಸಂಸ್ಥೆಯ ಜೊತೆಗಿದ್ದರು. ಕನ್ನಡಕ್ಕೆ ಅಂಥ ಕೆಲಸ ಇನ್ನೂ ಆಗಬೇಕಿದೆ.

ಇನ್ನು ರಾತ್ರಿಯ ವಿಷಯ. ನಿಮ್ಮ ಪರಿಚಯದವರು ಸುಳ್ಳು ಹೇಳಿಲ್ಲ. ಕ್ಲೈಂಟ್ ಕಡೆಯವರು ದಿನವೆಲ್ಲ ತಮ್ಮ ಮೀಟಿಂಗುಗಳನ್ನು ಮುಗಿಸಿ ಸಂಜೆ ಆರೂವರೆಗೆ ಫೀಡ್‌ಬ್ಯಾಕ್ ಕಳಿಸುತ್ತಾರೆ, ಬೆಳಿಗ್ಗೆ ಹತ್ತಕ್ಕೆ ಬದಲಾವಣೆ ಬೇಕೆನ್ನುತ್ತಾರೆ. ಕ್ರಿಯೇಟಿವ್ ಡೈರೆಕ್ಟರ್ ಕೂಡ ಹಗಲೆಲ್ಲ ಮೀಟಿಂಗಿನಲ್ಲಿದ್ದು ಏಳು ಗಂಟೆಗೆ ರಿವ್ಯೂಗೆ ಕೂರುತ್ತಾರೆ. ಇವೆರಡರಲ್ಲಿ ಮೊದಲನೆಯದನ್ನು ತಡೆಯುವುದು ಕಷ್ಟ, ಎರಡನೆಯದು ಕೇವಲ ದುರಭ್ಯಾಸ. ಪಿಚ್ ಇದ್ದಾಗ, ಅಂದರೆ ಹೊಸ ಅಕೌಂಟಿಗಾಗಿ ನಾಲ್ಕೈದು ಏಜೆನ್ಸಿಗಳು ಬಹುತೇಕ ಪುಕ್ಕಟೆಯಾಗಿ ಪೂರ್ತಿ ಪ್ರಚಾರಾಂದೋಲನವನ್ನೇ ತಯಾರಿಸಿ ತೋರಿಸುವ ಆ ಎರಡು ಮೂರು ವಾರಗಳಲ್ಲಿ, ಇರುವ ಕೆಲಸದ ಮೇಲೆ ಇನ್ನೊಂದು ಕೆಲಸ ಬೀಳುತ್ತದೆ. ವರ್ಷಕ್ಕೆ ಕೆಲವು ಸಲ ಹೀಗಾದರೆ ಅದು ವೃತ್ತಿಯ ಸ್ವಭಾವ. ಪ್ರತಿ ವಾರವೂ ಹೀಗಾದರೆ ಆ ಅಕೌಂಟಿಗೆ ಬೇಕಾದಷ್ಟು ಜನರನ್ನು ಕೊಟ್ಟಿಲ್ಲವೆಂದೇ ಅರ್ಥ, ಅದನ್ನು ಉತ್ಸಾಹ ಎಂದು ಬಣ್ಣಿಸುವವರ ಮಾತನ್ನು ನಂಬಬಾರದು.

ಇದರ ಕಡೆಯ ಪರಿಣಾಮ ಏನೆಂಬುದನ್ನು ಉದ್ಯಮ ಕಂಡಿದೆ. ಜಪಾನಿನ ಡೆಂಟ್ಸುವಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವೂ ತುಂಬದ 24ರ ಹರೆಯದ ಉದ್ಯೋಗಿಯೊಬ್ಬರು 2015ರ ಡಿಸೆಂಬರಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು; ಅದಕ್ಕೆ ಮಿತಿಮೀರಿದ ದುಡಿತವೇ ಕಾರಣವೆಂದು ಅಲ್ಲಿನ ಕಾರ್ಮಿಕ ಇಲಾಖೆ ಮರುವರ್ಷ ತೀರ್ಮಾನಿಸಿತು. ಕಂಪನಿಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು, ರಾತ್ರಿ ಹತ್ತಕ್ಕೆ ಕಚೇರಿಯ ದೀಪ ಆರಿಸುವ ನಿಯಮ ಬಂತು, ಹಿಡಿದ ಕೆಲಸವನ್ನು ಪ್ರಾಣ ಹೋದರೂ ಬಿಡಬಾರದು ಎಂದು ಬೋಧಿಸುತ್ತಿದ್ದ 1951ರ ಹಳೆಯ ಸೂತ್ರಗಳನ್ನು ಸಿಬ್ಬಂದಿಯ ಕೈಪಿಡಿಯಿಂದ ತೆಗೆಯಲಾಯಿತು. 2017ರಲ್ಲಿ ನ್ಯಾಯಾಲಯ ಕಂಪನಿಗೆ ವಿಧಿಸಿದ ದಂಡ ಮಾತ್ರ ಐದು ಲಕ್ಷ ಯೆನ್. ಒಂದು ಸಾಧಾರಣ ಜಾಹೀರಾತು ಚಿತ್ರದ ಖರ್ಚಿಗೂ ಸಾಲದ ಹಣ ಅದು.

ನಮ್ಮಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನೂ, ಅದಕ್ಕೆ ಮೀರಿದ ದುಡಿತಕ್ಕೆ ಎರಡು ಪಟ್ಟು ವೇತನವನ್ನೂ ಹೇಳುತ್ತದೆ. ಆಡಳಿತದ ಹುದ್ದೆಯಲ್ಲಿರುವವರಿಗೆ ಅದು ಅನ್ವಯಿಸುವುದಿಲ್ಲ, ಟ್ರೈನಿಗೆ ಅನ್ವಯಿಸುತ್ತದೆ. ಏಜೆನ್ಸಿಗಳಲ್ಲಿ ಓವರ್‌ಟೈಮ್ ಹಣ ಕೊಡುವುದನ್ನು ನಾನು ಕಂಡದ್ದಿಲ್ಲ; ತಡವಾದ ಮರುದಿನ ತಡವಾಗಿ ಬರಲು ಬಿಡುವುದು, ರಾತ್ರಿ ಕ್ಯಾಬ್ ಮತ್ತು ಊಟ ಕೊಡುವುದು ಇಷ್ಟನ್ನಾದರೂ ಒಳ್ಳೆಯ ಕಡೆ ಪಾಲಿಸುತ್ತಾರೆ. ರಾತ್ರಿ ಮಹಿಳೆಯರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಪಡೆದಿರಬೇಕು, ಮನೆ ತಲುಪಿಸುವ ವಾಹನ ಮತ್ತು ಭದ್ರತೆ ಒದಗಿಸಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಯಾವುದೇ ಕಚೇರಿಯಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅದರ ಸದಸ್ಯರ ಹೆಸರುಗಳು ಗೋಡೆಯ ಮೇಲಿರಬೇಕು. 2018ರಲ್ಲಿ ಈ ಉದ್ಯಮದ ಹಲವು ದೊಡ್ಡವರ ವಿರುದ್ಧ ದೂರುಗಳು ಹೊರಬಿದ್ದ ಮೇಲೆ ಇದನ್ನು ಯಾರೂ ಲಘುವಾಗಿ ನೋಡುವಂತಿಲ್ಲ. ಸಂದರ್ಶನಕ್ಕೆ ಹೋದಾಗಲೇ ಆ ಪಟ್ಟಿ ಕಾಣುತ್ತದೆಯೇ ಎಂದು ಅವಳು ನೋಡಿಕೊಳ್ಳಲಿ.

ಪ್ರಶಸ್ತಿಗಳ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಹೇಳಬೇಕು, ಏಕೆಂದರೆ ಹೊಸಬರನ್ನು ಆಕರ್ಷಿಸುವುದೂ, ಅವರಿಂದ ಶನಿವಾರ ಭಾನುವಾರ ದುಡಿಸುವುದೂ ಅವೇ. ಕ್ಲೈಂಟ್ ಕೇಳದ, ಎಲ್ಲೂ ಸರಿಯಾಗಿ ಪ್ರಕಟವಾಗದ, ತೀರ್ಪುಗಾರರಿಗೆ ತೋರಿಸಲೆಂದೇ ಮಾಡಿದ ಜಾಹೀರಾತನ್ನು ಉದ್ಯಮದಲ್ಲಿ ಸ್ಕ್ಯಾಮ್ ಆಡ್ ಎನ್ನುತ್ತಾರೆ. 2013ರಲ್ಲಿ ಫೋರ್ಡ್ ಫಿಗೋ ಕಾರಿನ ಹೆಸರಿನಲ್ಲಿ, ಕೈಕಾಲು ಕಟ್ಟಿದ ಹೆಂಗಸರನ್ನು ಡಿಕ್ಕಿಯಲ್ಲಿ ತೋರಿಸಿದ ಪೋಸ್ಟರುಗಳು ಹೊರಬಿದ್ದಾಗ ಫೋರ್ಡ್ ಮತ್ತು ಏಜೆನ್ಸಿಯ ಮಾತೃಸಂಸ್ಥೆ ಎರಡೂ ಕ್ಷಮೆ ಕೇಳಬೇಕಾಯಿತು, ಜೆಡಬ್ಲ್ಯುಟಿ ಇಂಡಿಯಾದಲ್ಲಿ ಮೇಲಿನಿಂದ ಕೆಳಗಿನವರೆಗೆ ಹಲವರು ಕೆಲಸ ಕಳೆದುಕೊಂಡರು. ಅಂಥ ಕೆಲಸಕ್ಕೆ ಹೆಸರು ಸೇರಿಸುವ ಮೊದಲು ಕ್ಲೈಂಟ್ ಇದನ್ನು ಒಪ್ಪಿದ್ದಾರೆಯೇ ಎಂದು ಕೇಳುವ ಹಕ್ಕು ಟ್ರೈನಿಗೂ ಇದೆ.

ಕೊನೆಯದಾಗಿ ಕಾಗದಪತ್ರಗಳು. ಮೊದಲು ನೋಡಬೇಕಾದದ್ದು ಅವಳನ್ನು ಉದ್ಯೋಗಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಅಥವಾ ‘ಕನ್ಸಲ್ಟೆಂಟ್’ ಎಂಬ ಹೆಸರಿನಲ್ಲಿ ಗುತ್ತಿಗೆಗೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು. ಎರಡನೆಯದಾದರೆ ಪಿ.ಎಫ್. ಇಲ್ಲ, ರಜೆ ಇಲ್ಲ, ಟಿಡಿಎಸ್ ಕಡಿದು ಉಳಿದದ್ದಷ್ಟೇ ಕೈಗೆ. ಕನ್ಸಲ್ಟೆಂಟ್‌ಗೆ ಬಾಂಡ್ ಹಾಕುವುದಂತೂ ಹಾಸ್ಯಾಸ್ಪದ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಉದ್ಯೋಗಿಗೆ ನೇಮಕಾತಿ ಪತ್ರ ಕೊಡುವುದು ಕಡ್ಡಾಯ, ಆದ್ದರಿಂದ ಆಫರ್ ಮೇಲ್ ಒಂದನ್ನೇ ನಂಬಿ ಸೇರಬಾರದು. ಬಾಂಡ್ ವಿಷಯದಲ್ಲಿ ಕಾನೂನು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ. ಕೆಲಸ ಬಿಟ್ಟ ಮೇಲೆ ಸ್ಪರ್ಧಿ ಏಜೆನ್ಸಿಗೆ ಸೇರಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೆಯ ಕಲಮಿನ ಎದುರು ನಿಲ್ಲುವುದಿಲ್ಲ. ಆದರೆ ಇಂತಿಷ್ಟು ಕಾಲ ಇಲ್ಲೇ ಇರಬೇಕು, ನಡುವೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂಬ ಷರತ್ತು ನಿಲ್ಲಬಹುದು: ನಿಮ್ಮದೇ ಕ್ಷೇತ್ರದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಟ್ಟ ಅಧಿಕಾರಿಯಿಂದ ಪಡೆದ ಎರಡು ಲಕ್ಷ ರೂಪಾಯಿಯ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಿನಲ್ಲಿ ಎತ್ತಿಹಿಡಿಯಿತು. ಅಲ್ಲಿ ನ್ಯಾಯಾಲಯ ಸಾರ್ವಜನಿಕ ಬ್ಯಾಂಕಿನ ನೇಮಕಾತಿಯ ವೆಚ್ಚ ಮತ್ತು ಅಧಿಕಾರಿಯ ಹುದ್ದೆಯನ್ನು ಗಮನಿಸಿತ್ತು. ಟ್ರೈನಿಯ ಕೆಲವು ತಿಂಗಳ ಸಂಬಳಕ್ಕೆ ಸಮನಾದ ದಂಡ ನನ್ನ ದೃಷ್ಟಿಯಲ್ಲಿ ಅದೇ ತಕ್ಕಡಿಯಲ್ಲಿ ತೂಗುವಂಥದಲ್ಲ, ಆದರೂ ವಾದಕ್ಕೆ ಕೋರ್ಟಿಗೆ ಹೋಗುವ ಬದಲು ಸಹಿಗೆ ಮೊದಲೇ ಮೊತ್ತವನ್ನು ಇಳಿಸಿಕೊಳ್ಳುವುದು ಜಾಣತನ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾವ ಕಾರಣಕ್ಕೂ ಅವರ ಬಳಿ ಬಿಡಬೇಡಿ.

ಅವಳು ಬರೆದ ಸಾಲುಗಳ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಏಜೆನ್ಸಿಗೇ ಸೇರುತ್ತದೆ. ಪ್ರಕಟವಾದ ಕೆಲಸವನ್ನು ಪೋರ್ಟ್‌ಫೋಲಿಯೊದಲ್ಲಿ ತೋರಿಸಿಕೊಳ್ಳಲು ಸಾಮಾನ್ಯವಾಗಿ ಯಾರೂ ಅಡ್ಡಿ ಮಾಡುವುದಿಲ್ಲ. ಪ್ರಕಟವಾಗುವ ಮೊದಲು ಮನೆಯವರಿಗೂ ತೋರಿಸಬಾರದು ಎಂಬುದನ್ನು ನೀವೂ ನೆನಪಿಡಿ, ಮಗಳ ಜಾಹೀರಾತನ್ನು ಒಂದು ದಿನ ಮೊದಲೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಹೆಮ್ಮೆಯ ತಂದೆತಾಯಿಯರಿಂದ ತೊಂದರೆಗೆ ಸಿಕ್ಕವರಿದ್ದಾರೆ.

ಈ ವಾರ ಅವಳು ಎಚ್‌ಆರ್ ವಿಭಾಗಕ್ಕೆ ಒಂದು ವಿನಯದ ಮೇಲ್ ಬರೆಯಲಿ. ತನ್ನನ್ನು ಯಾವ ಅಕೌಂಟಿಗೆ ತೆಗೆದುಕೊಳ್ಳಲಾಗುತ್ತಿದೆ, ಅದರಲ್ಲಿ ಕನ್ನಡದ ಸ್ವತಂತ್ರ ಬರವಣಿಗೆ ಎಷ್ಟು ಮತ್ತು ಅಡಾಪ್ಟ್ ಎಷ್ಟು, ತನ್ನ ಕನ್ನಡವನ್ನು ಓದಿ ತಿದ್ದುವವರು ಯಾರು, ರಿವ್ಯೂ ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ನಡೆಯುತ್ತದೆ ಎಂದು ಕೇಳಲಿ. ಸಾಧ್ಯವಾದರೆ ಆ ತಂಡದ ಯಾರಾದರೊಬ್ಬರ ಜೊತೆ ಹತ್ತು ನಿಮಿಷ ಮಾತಾಡಲು ಅವಕಾಶ ಕೋರಲಿ. ಇದನ್ನು ಕೇಳಿದ್ದಕ್ಕೆ ಆಫರ್ ಹಿಂತೆಗೆದುಕೊಳ್ಳುವ ಏಜೆನ್ಸಿ ಕಳೆದುಕೊಳ್ಳಲು ಯೋಗ್ಯವಾದದ್ದೇ. ‘ಅಕೌಂಟ್ ಯಾವುದೆಂದು ಸೇರಿದ ಮೇಲೆ ನಿರ್ಧರಿಸುತ್ತೇವೆ’ ಎಂಬ ಉತ್ತರ ಬಂದರೂ ಗಾಬರಿಯಾಗಬೇಕಿಲ್ಲ, ಅದು ಪ್ರಾಮಾಣಿಕ ಉತ್ತರವೇ ಆಗಿರಬಹುದು. ಆದರೆ ಏಜೆನ್ಸಿಗೇ ಖಚಿತವಿಲ್ಲದ ಕೆಲಸಕ್ಕೆ ಅವಳು ಎರಡು ವರ್ಷ ಕಟ್ಟುಬೀಳುವುದು ನ್ಯಾಯವಲ್ಲವಾದ್ದರಿಂದ, ಬಾಂಡನ್ನು ಆರು ತಿಂಗಳಿಗೆ ಇಳಿಸಿ ಅಥವಾ ತೆಗೆದುಹಾಕಿ ಎಂದು ಅದೇ ಮೇಲ್‌ಗೆ ಮರು ಉತ್ತರದಲ್ಲಿ ಕೇಳಲಿ.